ಢಾಕಾಕ್ಕೆ ಪ್ರವಾಸಿಯ ಹಂಗಿಲ್ಲ

ಢಾಕಾ ನೋಡದವರ ಮೈಮೇಲೂ ಢಾಕಾ ಇರುತ್ತದೆ. ಅಂಗಿಯ ಕಾಲರಿನ ಹಿಂದೆ ಹುಡುಕಬೇಕು, ಅಲ್ಲಿಲ್ಲದಿದ್ದರೆ ಪಕ್ಕದ ಹೊಲಿಗೆಯೊಳಗೆ ಚುಚ್ಚುತ್ತಿರುವ ಆ ಚೂರು ಪಟ್ಟಿಯಲ್ಲಿ: 'ಮೇಡ್ ಇನ್ ಬಾಂಗ್ಲಾದೇಶ್'. ಸಿದ್ಧ ಉಡುಪು ರಫ್ತಿನಲ್ಲಿ ಚೀನಾದ ಬೆನ್ನಿಗೇ ಬರುವ ಹೆಸರುಗಳಲ್ಲಿ ಬಾಂಗ್ಲಾದೇಶದ್ದು ಒಂದು. ಆ ಅಂಗಿಗಳಲ್ಲಿ ಹೆಚ್ಚಿನವು ಹೊಲಿಗೆಯಾಗುವುದು ಢಾಕಾದಲ್ಲಿ, ಇಲ್ಲವೇ ಅದರ ಸುತ್ತಲಿನ ಸಾವರ್, ಗಾಜೀಪುರ, ನಾರಾಯಣಗಂಜ್‌ಗಳಲ್ಲಿ. ಅಷ್ಟೊಂದು ಬಟ್ಟೆ ಊರಿನಿಂದ ಹೊರಗೆ ಹೋಗುತ್ತದೆ. ಊರು ನೋಡಲೆಂದು ಒಳಗೆ ಬರುವವರು ಮಾತ್ರ ಕಡಿಮೆ. ಬರುವವರೆಲ್ಲ ಕೆಲಸದವರು. ಆರ್ಡರ್ ಕೊಡುವ ಖರೀದಿದಾರರು, ರಾಯಭಾರ ಕಚೇರಿಯವರು, ಎನ್‌ಜಿಒದವರು, ಆಗೀಗ ಒಂದು ಕ್ರಿಕೆಟ್ ತಂಡ. ಸುಮ್ಮನೆ ನೋಡಿಕೊಂಡು ಹೋಗೋಣ ಎಂದು ಬಂದವನನ್ನು ಹೋಟೆಲಿನ ಹುಡುಗ ಕೂಡ 'ಯಾವ ಕಂಪನಿ ಸಾರ್?' ಎಂದೇ ಕೇಳುತ್ತಾನೆ.

ಇದರಿಂದ ಪ್ರವಾಸಿಗೆ ಆಗುವುದು ಲಾಭವೇ. ಜೈಪುರವಾಗಲಿ, ಕಾಠ್ಮಂಡುವಿನ ಠಮೇಲ್ ಆಗಲಿ, ಅತಿಥಿ ಬರುತ್ತಾನೆಂದು ಬಣ್ಣ ಹಚ್ಚಿಕೊಂಡು ಕಾಯುತ್ತವೆ. ಢಾಕಾದ ಮಹಾನಗರ ಪ್ರದೇಶದಲ್ಲಿರುವ ಎರಡು ಕೋಟಿಗೂ ಹೆಚ್ಚು ಜನರಿಗೆ ಅಂಥ ಪುರುಸೊತ್ತಿಲ್ಲ. ಇಲ್ಲಿ ಪೋಸ್ಟ್‌ಕಾರ್ಡ್ ಹಿಡಿದು ಬೆನ್ನು ಹತ್ತುವವರಿಲ್ಲ, 'ಮೈ ಫ್ರೆಂಡ್' ಎಂದು ಅಂಗಡಿಗೆ ಎಳೆಯುವವರಿಲ್ಲ. ಬದಲಿಗೆ, ನೋಡಲು ಬಂದವನನ್ನೇ ಊರು ನೋಡುತ್ತದೆ.

ರಸ್ತೆ ಬದಿಯ ಚಹಾ ಗೂಡಂಗಡಿಗೆ ಅಲ್ಲಿ 'ಟಂಗ್' ಎನ್ನುತ್ತಾರೆ. ನಾಲ್ಕು ಕೋಲಿನ ಮೇಲೆ ಒಂದು ತಗಡು, ಒಂದು ಬೆಂಚು, ದಾರಕ್ಕೆ ನೇತುಬಿದ್ದ ಬಾಳೆಹಣ್ಣು, ಬನ್ನಿನ ಪ್ಲಾಸ್ಟಿಕ್ ಪೊಟ್ಟಣಗಳು. ಡಬ್ಬಿಯ ಗಟ್ಟಿ ಹಾಲನ್ನು ಚಮಚದಲ್ಲಿ ಮೊಗೆದು ಗ್ಲಾಸಿನ ತಳಕ್ಕೆ ಬಿಟ್ಟು, ಮೇಲಿಂದ ಕಡು ಡಿಕಾಕ್ಷನ್ ಸುರಿದು, ಗ್ಲಾಸು ಒಡೆದೀತೇನೋ ಎನ್ನುವ ಸದ್ದಿನಲ್ಲಿ ಕಲಕಿ ಕೊಡುತ್ತಾರೆ. ಹಾಲು ಬೇಡವೆಂದರೆ ಶುಂಠಿ ಹಾಕಿದ 'ರಂಗ್ ಚಾ'. ಒಂದು ಗುಟುಕು ಒಳಗಿಳಿಯುವಷ್ಟರಲ್ಲಿ ಬೆಂಚಿನ ಮೇಲೆ ನಾಲ್ಕು ಜನ ಕೂಡಿ ವಿಚಾರಣೆ ಶುರುಮಾಡುತ್ತಾರೆ. ಯಾವ ದೇಶ? ಮದುವೆ ಆಗಿದೆಯೇ? ಮಕ್ಕಳೆಷ್ಟು? ಬೆಂಗಳೂರು ಎಂದರೆ ಒಬ್ಬರಲ್ಲ ಒಬ್ಬರು ಥಟ್ಟನೆ 'ದೇವಿ ಶೆಟ್ಟಿ!' ಎನ್ನುತ್ತಾರೆ. ಉದ್ಯಾನ ನಗರಿ, ಐಟಿ ನಗರಿ ಎಂಬ ನಮ್ಮ ಹೆಗ್ಗಳಿಕೆಗಳು ಅಲ್ಲಿ ನಡೆಯುವುದಿಲ್ಲ. ಬೆಂಗಳೂರು ಎಂದರೆ ಹೃದಯದ ಆಪರೇಷನ್. ಚಿಕಿತ್ಸೆಗೆಂದು ಕೋಲ್ಕತ್ತ, ವೆಲ್ಲೂರು, ಚೆನ್ನೈ, ಬೆಂಗಳೂರಿಗೆ ಬಂದುಹೋದ ಒಬ್ಬ ನೆಂಟನಾದರೂ ಅಲ್ಲಿನ ಬಹಳಷ್ಟು ಮಧ್ಯಮವರ್ಗದ ಮನೆಗಳಲ್ಲಿದ್ದಾನೆ. 2019ರ ಮಾರ್ಚ್‌ನಲ್ಲಿ ಸಚಿವ ಒಬೈದುಲ್ ಕಾದರ್ ಅವರ ಹೃದಯ ಕೈಕೊಟ್ಟಾಗ ಕಿನ್ನಿಗೋಳಿ ಮೂಲದ ಹೃದಯ ವೈದ್ಯ ದೇವಿ ಶೆಟ್ಟಿಯವರನ್ನೇ ಢಾಕಾಕ್ಕೆ ಕರೆಸಿಕೊಂಡಿದ್ದರು. ವಿಚಾರಣೆ ಮುಗಿಯುವ ಹೊತ್ತಿಗೆ ಚಹಾದ ದುಡ್ಡನ್ನು ಯಾರೋ ಕೊಟ್ಟಾಗಿರುತ್ತದೆ. ಯಾರೆಂದು ಕೇಳಿದರೆ ಹೇಳುವುದಿಲ್ಲ.

ಇನ್ನು ರಸ್ತೆ. ಢಾಕಾದ ವಾಹನಗಳ ಸರಾಸರಿ ವೇಗ ಹತ್ತು ವರ್ಷಗಳಲ್ಲಿ ಗಂಟೆಗೆ 21 ಕಿಲೋಮೀಟರಿನಿಂದ 7ಕ್ಕೆ ಇಳಿದಿದೆ ಎಂದು 2017ರಲ್ಲಿ ವಿಶ್ವ ಬ್ಯಾಂಕ್ ಲೆಕ್ಕ ಹಾಕಿ ಹೇಳಿತ್ತು. ಚುರುಕಾಗಿ ನಡೆಯುವವನು ಇದನ್ನು ಹಿಂದೆ ಹಾಕದಿದ್ದರೂ ಬಹಳ ಹಿಂದೇನೂ ಬೀಳುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿ ಬಂದ ಬೆಂಗಳೂರಿನವರೂ ಫಾರ್ಮ್‌ಗೇಟ್ ಹತ್ತಿರ ಸಂಜೆ ಆರಕ್ಕೆ ಸಿಕ್ಕಿಬಿದ್ದರೆ ತಮ್ಮೂರನ್ನು ಪ್ರೀತಿಯಿಂದ ನೆನೆಯುತ್ತಾರೆ. ಆದರೆ ನಿಂತ ವಾಹನಗಳ ನಡುವೆ ಒಂದು ಸಂತೆಯೇ ನಡೆಯುತ್ತಿರುತ್ತದೆ. ನೀರು, ಪಾಪ್‌ಕಾರ್ನ್, ಟವೆಲ್, ಮಕ್ಕಳ ಆಟಿಕೆ, ಪುಸ್ತಕ. ಎಲ್ಲಕ್ಕಿಂತ ಮಿಗಿಲು ಅಮಟೆಕಾಯಿ. ಮಲೆನಾಡಿನಲ್ಲಿ ಉಪ್ಪಿನಕಾಯಿ, ಗೊಜ್ಜಿಗೆ ಸೀಮಿತವಾದ ಈ ಹುಳಿಕಾಯಿಗೆ ಅಲ್ಲಿ 'ಆಮ್ಡಾ' ಎನ್ನುತ್ತಾರೆ. ಸಿಪ್ಪೆ ತೆಗೆದು, ನಾರುಗೊರಟಿನ ತನಕ ಚಾಕು ಇಳಿಸಿ ಸುತ್ತಲೂ ದಳ ಬಿಡಿಸಿ, ಕಡ್ಡಿಗೆ ಸಿಕ್ಕಿಸಿ, ಉಪ್ಪುಖಾರದ ಪುಡಿ ಉದುರಿಸಿ ಬಸ್ಸಿನ ಕಿಟಕಿಗೆ ಹಿಡಿಯುತ್ತಾರೆ. ಒಂದು ಜಾಮ್‌ಗೆ ಒಂದು ಅಮಟೆಕಾಯಿ ಸಾಕಾಗುವುದಿಲ್ಲ.

ಬಸ್ಸುಗಳ ಮೈಯಲ್ಲಿ ಗೀರಿಲ್ಲದ ಜಾಗವಿಲ್ಲ. ಬಾಗಿಲಿಗೆ ಜೋತುಬಿದ್ದ ಹೆಲ್ಪರ್ ತಗಡನ್ನು ಬಡಿಯುತ್ತ ಡ್ರೈವರಿಗೆ ದಾರಿ ಹೇಳುತ್ತಿರುತ್ತಾನೆ. ಡ್ರೈವರ್ ಅವನ ಪಾಲಿಗೆ 'ಉಸ್ತಾದ್'. ಎಡಗಡೆಗೆ ಯಾರದೋ ಹೊಳೆಯುವ ಕಾರು ಬಂದರೆ 'ಉಸ್ತಾದ್, ಬಾಯೇ ಪ್ಲಾಸ್ಟಿಕ್!' ಎಂದು ಕೂಗುತ್ತಾನೆ. ಎಡಕ್ಕೆ ಪ್ಲಾಸ್ಟಿಕ್ ಇದೆ, ನೋಡಿಕೊಂಡು ಹೋಗು ಎಂದರ್ಥ. ಬಸ್ಸು ಮುಟ್ಟಿದರೆ ಸಾಕು, ಪುಡಿಯಾಗುವ ವಸ್ತು ಅದು. ಕೋಟ್ಯಂತರ ಟಾಕಾ ಸುಂಕ ಕಟ್ಟಿ ತರಿಸಿಕೊಂಡ ವಿದೇಶಿ ಕಾರಿನ ಒಡೆಯನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಾರದು.

ಹಸಿರು ಬಣ್ಣದ ಆಟೋಗಳಿಗೆ ಅಲ್ಲಿ ಸಿಎನ್‌ಜಿ ಎಂದೇ ಹೆಸರು. ಹೊಗೆ ಕಾರುವ ಹಳೆಯ ಟೂ-ಸ್ಟ್ರೋಕ್ 'ಬೇಬಿ ಟ್ಯಾಕ್ಸಿ'ಗಳನ್ನು ಈ ಶತಮಾನದ ಆರಂಭದಲ್ಲಿ ಊರಿನಿಂದ ಓಡಿಸಿ ಇವನ್ನು ತಂದರು. ಎರಡೂ ಬದಿಗೆ ಕಬ್ಬಿಣದ ಜಾಲರಿ ಬಾಗಿಲು. ಕಳ್ಳರು ಒಳಗೆ ಬಾರದಿರಲಿ ಎಂದು. ಮೀಟರ್ ಇರುತ್ತದೆ. ಇರುತ್ತದೆ, ಅಷ್ಟೆ. ಈ ವಿಷಯದಲ್ಲಿ ದಕ್ಷಿಣ ಏಷ್ಯಾ ಒಂದೇ ದೇಶ.

ಢಾಕಾ ನೋಡಬೇಕೆಂದರೆ ಸೈಕಲ್ ರಿಕ್ಷಾವೇ ಸರಿ. ಅದನ್ನು ಹತ್ತುವುದಕ್ಕೂ ಒಂದು ರೀತಿ-ರಿವಾಜು ಇದೆ. ತುಳಿಯುವವನನ್ನು 'ಮಾಮಾ' ಎನ್ನಬೇಕು, ಅಂದರೆ ಸೋದರಮಾವ. 'ಮಾಮಾ, ಜಾಬೇನ್?' ಬರ್ತೀರಾ ಎಂದು ಕೇಳಬೇಕೇ ಹೊರತು ನಡಿ ಎನ್ನುವ ಹಾಗಿಲ್ಲ. ಹೋಗಬೇಕಾದ ಜಾಗ ಮಾಮನಿಗೆ ಒಪ್ಪಿಗೆಯಾಗದಿದ್ದರೆ ತಲೆಯನ್ನೂ ಎತ್ತದೆ ಬೀಡಿ ಎಳೆಯುತ್ತ ಕೂತಿರುತ್ತಾನೆ. ಒಪ್ಪಿದರೆ ಬಾಡಿಗೆಯ ಮಾತು. ಕೂರುವ ಮೊದಲೇ ಅದು ಮುಗಿಯಬೇಕು. ಕೂತ ಮೇಲೆ ಮಾವ-ಅಳಿಯನ ಸಂಬಂಧ ಕೆಡುತ್ತದೆ.

ಎತ್ತರದ, ಮುಂದಕ್ಕೆ ಜಾರುವ ಸೀಟಿನಲ್ಲಿ ಹೇಗೋ ತಳವೂರಿ ಕೂತ ಪ್ರವಾಸಿಗೆ ಎದುರು ಕಾಣುವುದು ಮುಂದಿನ ರಿಕ್ಷಾದ ಬೆನ್ನು. ಹೆಜ್ಜೆಗೊಮ್ಮೆ ನಿಲ್ಲುವ ಆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಚಿತ್ರಶಾಲೆ ಸಿಗಲಾರದು. ಚಕ್ರಗಳ ನಡುವಿನ ಆಯತಾಕಾರದ ತಗಡಿನ ಮೇಲೆ ಕಣ್ಣು ಕುಕ್ಕುವ ಎನಾಮಲ್ ಬಣ್ಣದಲ್ಲಿ ಏನು ಬೇಕಾದರೂ ಇರಬಹುದು. ಗುಲಾಬಿ ಕೆನ್ನೆಯ ಸಿನಿಮಾ ನಾಯಕಿ, ಬಂದೂಕು ಹಿಡಿದ ಖಳ, ತಾಜಮಹಲು, ಜೋಡಿ ನವಿಲು, ತೆಂಗಿನ ಮರದ ಹಳ್ಳಿಯ ಪಕ್ಕದಲ್ಲೇ ಹಾರುವ ವಿಮಾನ, 1971ರ ಮುಕ್ತಿಯೋಧರು. ಮನುಷ್ಯರ ಚಿತ್ರ ಬರೆಯಕೂಡದೆಂಬ ಒತ್ತಡ ಬಂದ ಕಾಲದಲ್ಲಿ ಕಲಾವಿದರು ಜಗಳಕ್ಕೆ ಹೋಗಲಿಲ್ಲ. ಮನುಷ್ಯರ ಜಾಗದಲ್ಲಿ ಪ್ರಾಣಿಗಳನ್ನು ತಂದು ಕೂರಿಸಿದರು. ಹುಲಿ ರಿಕ್ಷಾ ತುಳಿಯತೊಡಗಿತು, ನರಿ ಸಂಚಾರಿ ಪೊಲೀಸಾಯಿತು. ಢಾಕಾದ ರಿಕ್ಷಾ ಮತ್ತು ರಿಕ್ಷಾ ಚಿತ್ರಕಲೆಯನ್ನು 2023ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟರೊಳಗೆ ಕೈಯಲ್ಲಿ ಬರೆಯುವವರು ವಿರಳವಾಗಿ ಡಿಜಿಟಲ್ ಮುದ್ರಣ ಆ ತಗಡನ್ನು ಹಿಡಿದಾಗಿತ್ತು. ಗೌರವ ಬರುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ. ಈಗ ಬ್ಯಾಟರಿ ರಿಕ್ಷಾಗಳದೇ ಹಾವಳಿ. ಜನ ಅವಕ್ಕೆ 'ಬಾಂಗ್ಲಾ ಟೆಸ್ಲಾ' ಎಂದು ಹೆಸರಿಟ್ಟಿದ್ದಾರೆ. ಅವುಗಳ ಬೆನ್ನ ಮೇಲೆ ಚಿತ್ರವೂ ಕಡಿಮೆ, ನಿಧಾನವೂ ಕಡಿಮೆ.

ಓದುಬರಹ ಬಲ್ಲವನೆಂಬ ಜಂಬ ಈ ಊರಿನಲ್ಲಿ ಬೇಗ ಇಳಿಯುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಹಣೆಪಟ್ಟಿ, ಕಾರಿನ ನಂಬರ್ ಪ್ಲೇಟು ಎಲ್ಲವೂ ಬಾಂಗ್ಲಾ ಲಿಪಿಯಲ್ಲಿ. ಅಂಕಿಗಳಾದರೂ ಕೈಹಿಡಿಯುತ್ತವೆ ಎಂದುಕೊಂಡರೆ ಅವು ಇನ್ನೂ ಮೋಸ: ಬಾಂಗ್ಲಾದ ನಾಲ್ಕು ಇಂಗ್ಲಿಷಿನ ಎಂಟರ ಹಾಗಿದೆ, ಏಳು ಒಂಬತ್ತರ ಹಾಗಿದೆ. ಎಂಟು ಟಾಕಾ ಎಂದುಕೊಂಡದ್ದು ನಾಲ್ಕಾದರೆ ಸಂತೋಷ. ಬಸ್ಸಿನ ನಂಬರಾದರೆ ಊರಿನ ಇನ್ನೊಂದು ತುದಿ. 1952ರ ಫೆಬ್ರವರಿ 21ರಂದು ಭಾಷೆಗಾಗಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ಊರು ಇದು. ಅವರ ನೆನಪಿನ ಶಹೀದ್ ಮಿನಾರ್‌ಗೆ ಅಂದು ಜನ ಬರಿಗಾಲಲ್ಲಿ ಹೂ ಹಿಡಿದು ಬರುತ್ತಾರೆ; ಆ ತಿಂಗಳು ಪೂರ್ತಿ ಬಾಂಗ್ಲಾ ಅಕಾಡೆಮಿಯ ಪುಸ್ತಕ ಮೇಳ ನಡೆಯುವುದು ವಾಡಿಕೆ. ಸರ್ಕಾರಿ ವ್ಯವಹಾರವೆಲ್ಲ ಬಾಂಗ್ಲಾದಲ್ಲೇ ಇರಬೇಕೆಂದು 1987ರಲ್ಲೇ ಕಾನೂನು ಬಂತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದ ನಾಡಿನಿಂದ ಹೋದವನು ಇಲ್ಲಿ ಒಂದು ಅಕ್ಷರವೂ ಅರ್ಥವಾಗದೆ ನಿಂತಾಗಲೂ ಒಳಗೊಳಗೇ ಖುಷಿಪಡದಿರಲಾರ.

ಹಳೆಯ ಢಾಕಾ ನದಿಯ ಕಡೆಗಿದೆ. ಮೊಘಲ್ ಸುಬೇದಾರ ಇಸ್ಲಾಂ ಖಾನ್ 1610ರ ಸುಮಾರಿಗೆ ಬಂಗಾಳದ ರಾಜಧಾನಿಯನ್ನು ಇಲ್ಲಿಗೆ ತಂದ. ಲಾಲ್‌ಬಾಗ್ ಎಂದೊಡನೆ ಬೆಂಗಳೂರಿನವರು ಗಾಜಿನ ಮನೆ ಹುಡುಕಿದರೆ ಸಿಗುವುದು ಕೋಟೆ. 1678ರಲ್ಲಿ ಔರಂಗಜೇಬನ ಮಗ ಆಜಂ ಶುರುಮಾಡಿದ. ಮುಂದುವರಿಸಬೇಕಿದ್ದ ಶಾಯಿಸ್ತಾ ಖಾನ್ ಮಗಳು ಪರಿ ಬೀಬಿ ಸತ್ತ ಮೇಲೆ ಕೈಬಿಟ್ಟ. ಅರ್ಧಕ್ಕೇ ನಿಂತ ಆ ಕೋಟೆಯ ಹುಲ್ಲುಹಾಸಿನಲ್ಲಿ ಈಗ ಕಾಲೇಜು ಜೋಡಿಗಳದೇ ಆಳ್ವಿಕೆ. ಆರ್ಮಾನಿಟೋಲಾದಲ್ಲಿ 1781ರ ಆರ್ಮೇನಿಯನ್ ಚರ್ಚ್ ಇದೆ. ಸೆಣಬು, ಉಪ್ಪು ವ್ಯಾಪಾರ ಮಾಡಿ ಮೆರೆದ ಆರ್ಮೇನಿಯನ್ನರು ಈಗ ಗೋರಿಕಲ್ಲುಗಳ ಮೇಲೆ ಮಾತ್ರ ಉಳಿದಿದ್ದಾರೆ. ಅವರು ರೂಢಿಗೆ ತಂದ ಕುದುರೆಗಾಡಿ ಮಾತ್ರ ಇನ್ನೂ ಸದರ್‌ಘಾಟ್‌ಗೂ ಗುಲಿಸ್ತಾನಕ್ಕೂ ನಡುವೆ, ಬಸ್ಸುಗಳ ಹಾರನ್ನಿಗೆ ಕಿವಿ ಮುಚ್ಚಿದ ಕುದುರೆಗಳೊಂದಿಗೆ, ಜನರನ್ನು ಹೊತ್ತು ಓಡಾಡುತ್ತಿದೆ.

ಶಾಂಖಾರಿ ಬಜಾರ್ ಮಾತ್ರ ಅವಸರದಲ್ಲಿ ದಾಟುವ ಓಣಿಯಲ್ಲ. ಇಲ್ಲಿನ ಮನೆಗಳ ಮುಖ ಒಂದು ಬಾಗಿಲಿನಷ್ಟು ಅಗಲ. ಒಳಗೆ ಮಾತ್ರ ಕತ್ತಲೆಯಲ್ಲಿ ಉದ್ದಕ್ಕೆ, ಮೇಲಕ್ಕೆ ಹೋಗುತ್ತಲೇ ಇರುತ್ತವೆ. ತಲೆಮಾರುಗಳಿಂದ ಶಂಖ ಕೊಯ್ದು ಬಳೆ ಮಾಡುವವರ ಕೇರಿ ಇದು. ಬಂಗಾಳಿ ಹಿಂದೂ ಮುತ್ತೈದೆಗೆ ಕರಿಮಣಿಗಿಂತ ಹೆಚ್ಚಿನದು ಕೈಯಲ್ಲಿನ ಬಿಳಿಯ ಶಾಂಖಾ. ಶಂಖ ಬರುತ್ತಿದ್ದುದು ದಕ್ಷಿಣದ ಕಡಲಿನಿಂದ, ತಮಿಳುನಾಡು, ಶ್ರೀಲಂಕಾಗಳಿಂದ. ಹಿಂದೆ ಅರ್ಧಚಂದ್ರಾಕಾರದ ಭಾರಿ ಗರಗಸವನ್ನು ಎರಡೂ ಕೈಯಲ್ಲಿ ಹಿಡಿದು ಕೊಯ್ಯುತ್ತಿದ್ದರು. ಈಗ ಯಂತ್ರ ಬಂದಿದೆ, ಓಣಿಯ ತುಂಬ ಅದರ ಕಿರುಗುಟ್ಟುವ ಸದ್ದು, ಬಿಳಿಯ ಹುಡಿ. 1971ರ ಮಾರ್ಚ್‌ನಲ್ಲಿ ಪಾಕಿಸ್ತಾನಿ ಸೈನ್ಯ ಈ ಕೇರಿಗೆ ನುಗ್ಗಿ ಕೊಂದವರ ನೆನಪಿಗೆ ಓಣಿಯಲ್ಲಿ ಪುಟ್ಟ ಸ್ಮಾರಕವೊಂದಿದೆ. ಅದರ ಪಕ್ಕದಲ್ಲೇ ಸರಸ್ವತಿ ಪೂಜೆಯ ಸಾಮಾನು, ಮದುವೆಯ ಬಾಸಿಂಗ, ಪಟಾಕಿ ಮಾರುತ್ತಾರೆ.

ಹೊಟ್ಟೆಯ ವಿಷಯಕ್ಕೆ ಬಂದರೆ ಹಳೆಯ ಢಾಕಾ ಬಿರಿಯಾನಿಯ ಊರು. 1939ರಲ್ಲಿ ಶುರುವಾದ ಹಾಜಿ ಬಿರಿಯಾನಿಯಲ್ಲಿ ಮೆನು ಕೇಳುವಂತಿಲ್ಲ, ಇರುವುದೊಂದೇ. ಸಾಸಿವೆ ಎಣ್ಣೆಯ ಘಾಟಿನ, ಸಣ್ಣ ಸಣ್ಣ ಮಟನ್ ತುಂಡುಗಳ ಅನ್ನ. ಕಟ್ಟಿಸಿಕೊಂಡು ಹೋಗುವವರಿಗೆ ಒಣಗಿದ ಹಲಸಿನೆಲೆಯ ದೊನ್ನೆ. ಹಲಸಿನೆಲೆಯ ಕೊಟ್ಟೆ ಕಟ್ಟಿ ಕಡುಬು ಬೇಯಿಸುವ ಕರಾವಳಿಯವರು ಅದನ್ನು ಕಂಡರೆ ಬಿರಿಯಾನಿಗಿಂತ ಮೊದಲು ಎಲೆಯನ್ನು ತಿರುಗಿಸಿ ಹೊಲಿಗೆ ನೋಡುತ್ತಾರೆ. ಮದುವೆಮನೆಯ ಅಡುಗೆ 'ಕಚ್ಚಿ'. ಮಸಾಲೆಯಲ್ಲಿ ನೆನೆದ ಹಸಿ ಮಾಂಸದ ಮೇಲೆ ಅಕ್ಕಿ, ಆಲೂಗಡ್ಡೆ ಹಾಕಿ ಮುಚ್ಚಿ ದಮ್ ಕಟ್ಟುವುದು. ಜೊತೆಗೆ ಬೋರ್‌ಹಾನಿ: ಮೊಸರಿಗೆ ಪುದೀನ, ಹಸಿಮೆಣಸು, ಸಾಸಿವೆ ಅರೆದು ಹಾಕಿದ ಪಾನೀಯ. ಮಜ್ಜಿಗೆ ಎಂದುಕೊಂಡು ಗಟಗಟನೆ ಎತ್ತಿದವರು ಅರ್ಧಕ್ಕೇ ನಿಲ್ಲಿಸುತ್ತಾರೆ.

ಗುಲಿಸ್ತಾನದ ಹತ್ತಿರ ರಾಷ್ಟ್ರೀಯ ಸ್ಟೇಡಿಯಂ ಇದೆ ಎಂದು ಹೋದರೆ ಸುತ್ತಲೂ ಟಿವಿ, ಫ್ರಿಜ್, ರಿಮೋಟ್ ಮಾರುವ ಅಂಗಡಿಗಳು. ಗ್ಯಾಲರಿಯ ಕೆಳಗಿನ ಜಾಗವೆಲ್ಲ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ. ಪಾಕಿಸ್ತಾನ ತನ್ನ ನೆಲದಲ್ಲಿ ಆಡಿದ ಮೊದಲ ಟೆಸ್ಟ್ ನಡೆದದ್ದು ಇಲ್ಲಿ, 1955ರ ಜನವರಿಯಲ್ಲಿ, ಭಾರತದ ವಿರುದ್ಧ. ಬಾಂಗ್ಲಾದೇಶದ ಮೊದಲ ಟೆಸ್ಟೂ ಇಲ್ಲೇ, 2000ದ ನವೆಂಬರ್‌ನಲ್ಲಿ, ಅದೂ ಭಾರತದ ವಿರುದ್ಧವೇ. ಅಮೀನುಲ್ ಇಸ್ಲಾಂ 145 ರನ್ ಹೊಡೆದು ಹೊಸ ತಂಡವನ್ನು 400ಕ್ಕೆ ಮುಟ್ಟಿಸಿದ್ದನ್ನು ಢಾಕಾದ ಟ್ಯಾಕ್ಸಿ ಚಾಲಕರು ಇವತ್ತಿಗೂ ವಿವರಿಸಬಲ್ಲರು. ಆ ಪಂದ್ಯಕ್ಕೆ ಕೊನೆಯಲ್ಲಿ ಬೇರೆ ದಿಕ್ಕು ಕೊಟ್ಟವರು ಗದಗಿನ ಸುನಿಲ್ ಜೋಶಿ. ಮೊದಲ ಇನಿಂಗ್ಸ್‌ನಲ್ಲಿ 5 ವಿಕೆಟ್, ಬ್ಯಾಟಿನಿಂದ 92 ರನ್. ಎರಡನೇ ಇನಿಂಗ್ಸ್‌ನಲ್ಲಿ ಬಾಂಗ್ಲಾ 91ಕ್ಕೆ ಕುಸಿಯಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಜೋಶಿಗೆ ಬಂತು. ಸೇಡಿನ ಮಾತು ದೂರ. 2017ರಲ್ಲಿ ಅವರನ್ನೇ ಕರೆದು ಬಾಂಗ್ಲಾದೇಶ ತನ್ನ ಸ್ಪಿನ್ ಬೌಲರುಗಳಿಗೆ ಗುರುವನ್ನಾಗಿ ಮಾಡಿಕೊಂಡಿತು.

ಶೇರ್-ಎ-ಬಾಂಗ್ಲಾ ನಗರದಲ್ಲಿ ಸಂಸತ್ ಭವನವಿದೆ. ಜಗತ್ತಿನ ಎಲ್ಲೆಲ್ಲಿಂದಲೋ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇದೊಂದಕ್ಕಾಗಿ ಢಾಕಾಕ್ಕೆ ಬರುತ್ತಾರೆ. ಅಯೂಬ್ ಖಾನ್ ಕಾಲದಲ್ಲಿ, ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ, ಈ ಕೆಲಸ ಸ್ಥಳೀಯ ವಾಸ್ತುಶಿಲ್ಪಿ ಮಝರುಲ್ ಇಸ್ಲಾಂ ಅವರ ಬಾಗಿಲಿಗೆ ಬಂದಿತ್ತು. ಅವರು ತಾವು ಹಿಂದೆ ಸರಿದು ಅಮೆರಿಕದ ಲೂಯಿ ಕಾನ್ ಅವರನ್ನು ಕರೆಸಿದರು. ಸಿಕ್ಕ ಗುತ್ತಿಗೆಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟ ಇಂಥ ಉದಾಹರಣೆ ನಮ್ಮ ಉಪಖಂಡದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕೆಲಸ ನಡೆಯುತ್ತಿದ್ದಾಗಲೇ 1971ರ ಯುದ್ಧ ಬಂತು. ಮುಗಿಯದೆ ನಿಂತಿದ್ದ ಕಟ್ಟಡವನ್ನು ಮೇಲಿನಿಂದ ಕಂಡ ಪೈಲಟ್‌ಗಳು ಯಾವುದೋ ಪುರಾತನ ಅವಶೇಷವೆಂದು ಬಾಂಬು ಹಾಕದೆ ಬಿಟ್ಟರಂತೆ ಎಂಬ ಕತೆಯನ್ನು ಅಲ್ಲಿನವರು ನಗುತ್ತ ಹೇಳುತ್ತಾರೆ. ಕಾನ್ 1974ರಲ್ಲಿ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಭವನ ಮುಗಿದದ್ದು 1982ರಲ್ಲಿ. ಬೂದು ಕಾಂಕ್ರೀಟ್ ಗೋಡೆಯ ಮೇಲೆ ಐದೈದು ಅಡಿಗೆ ಬಿಳಿ ಅಮೃತಶಿಲೆಯ ಗೆರೆ ಕಾಣುತ್ತದೆ. ಕೂಲಿಗಳು ತಲೆಯ ಮೇಲೆ ಹೊತ್ತು ಸುರಿದ ಕಾಂಕ್ರೀಟು ಒಂದು ಸಲಕ್ಕೆ ಐದು ಅಡಿಯಷ್ಟೇ ಏರುತ್ತಿತ್ತು, ಎರಡು ಸಲದ ಸುರಿತ ಕೂಡುವ ಒರಟು ಅಂಚನ್ನು ಆ ಕಲ್ಲು ಮುಚ್ಚಿತು. ಕಟ್ಟಿದವರ ದಣಿವನ್ನು ಗೋಡೆಯಲ್ಲೇ ಅಳೆದು ನೋಡಬಹುದಾದ ಸಂಸತ್ತು ಇದೊಂದೇ ಇರಬೇಕು. 2024ರ ಆಗಸ್ಟ್ 5ರಂದು ಸರ್ಕಾರ ಉರುಳಿದ ದಿನ ಸಾವಿರಾರು ಜನ ಇದರೊಳಗೆ ನುಗ್ಗಿದ್ದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಉಳಿದ ದಿನಗಳಲ್ಲಿ ಜನ ಎದುರಿನ ಮಾನಿಕ್ ಮಿಯಾ ಅವೆನ್ಯೂದ ಫುಟ್‌ಪಾತಿಗೆ ತೃಪ್ತರು. ಅಲ್ಲಿ ಫುಚ್ಕಾ ಗಾಡಿಗಳಿರುತ್ತವೆ. ಪಾನಿಪುರಿಯದೇ ಕುಲ, ಆದರೆ ಒಳಗೆ ಬಟಾಣಿಯ ಪಲ್ಯ, ಮೇಲೆ ತುರಿದ ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಬಟ್ಟಲು ತುಂಬ ಹುಣಸೆನೀರು.

ಮತ್ತೆ ನದಿಗೆ ಬರಬೇಕು. ಬುರಿಗಂಗಾದ ದಡದ ಸದರ್‌ಘಾಟ್ ನೋಡದೆ ಢಾಕಾ ನೋಡಿದೆ ಎನ್ನುವುದು ಸುಳ್ಳು. ಬೇಸಿಗೆಯಲ್ಲಿ ನೀರು ಕಪ್ಪು, ವಾಸನೆಯನ್ನು ವರ್ಣಿಸಬೇಕಾಗಿಲ್ಲ. ಹಜಾರಿಬಾಗ್‌ನ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು 2017ರಲ್ಲಿ ಸಾವರ್‌ಗೆ ಎಬ್ಬಿಸಿದರೂ ನದಿ ತಿಳಿಯಾಗಿಲ್ಲ. ಮಳೆಗಾಲ ಬಂದಾಗಷ್ಟೇ ಉಸಿರಾಡುತ್ತದೆ. ಆ ನೀರಿನ ಮೇಲೆ ಮೂರು-ನಾಲ್ಕು ಅಂತಸ್ತಿನ ಲಾಂಚುಗಳು. ದಡದ ಉದ್ದಕ್ಕೂ ಅಡ್ಡಡ್ಡ ನಿಲ್ಲಲು ಜಾಗ ಸಾಲದೆ ಮೂತಿಯನ್ನು ದಡಕ್ಕೆ ಚುಚ್ಚಿ ನಿಲ್ಲುತ್ತವೆ. ತಡವಾಗಿ ಬಂದ ಲಾಂಚು, ಕೊಟ್ಟಿಗೆಗೆ ಕೊನೆಯಲ್ಲಿ ಬಂದ ಎಮ್ಮೆಯ ಹಾಗೆ, ಎರಡರ ನಡುವೆ ಮೈ ತೂರಿಸಿ ನೂಕಿ ತನ್ನ ಜಾಗ ಮಾಡಿಕೊಳ್ಳುತ್ತದೆ. ತಗಡು ಕಿರುಚುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಅವುಗಳ ಸಂದಿಯಲ್ಲಿ, ಆಚೆ ದಡದ ಕೇರಾನಿಗಂಜ್‌ಗೆ ಜನ ದಾಟಿಸುವ ಪುಟ್ಟ ದೋಣಿಗಳು. ಒಂದೇ ಹುಟ್ಟು, ಕುಕ್ಕರುಗಾಲಲ್ಲಿ ಕೂತ ಏಳೆಂಟು ಜನ, ಮಡಿಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೂಟೆ.

ಸಂಜೆ ಹೊರಡುವ ಲಾಂಚು ಬೆಳಗಿನ ಜಾವಕ್ಕೆ ಬಾರಿಶಾಲ್ ಮುಟ್ಟುತ್ತದೆ. ಕ್ಯಾಬಿನ್ನಿಗೆ ದುಡ್ಡಿಲ್ಲದವರು ಡೆಕ್ಕಿನ ಮೇಲೆ ಚಾದರ ಹಾಸುತ್ತಾರೆ. ಚಾದರ ಬಿದ್ದರೆ ಆ ಜಾಗಕ್ಕೆ ಪಹಣಿ ಆದಂತೆಯೇ, ಯಾರೂ ತಕರಾರು ತೆಗೆಯುವುದಿಲ್ಲ. ಆದರೆ 2022ರ ಜೂನ್ 25ರಂದು 6.15 ಕಿಲೋಮೀಟರ್ ಉದ್ದದ ಪದ್ಮಾ ಸೇತುವೆ ತೆರೆದ ಮೇಲೆ ಬಸ್ಸುಗಳು ಬಾರಿಶಾಲನ್ನು ಕೆಲವೇ ಗಂಟೆಗಳ ದಾರಿ ಮಾಡಿಬಿಟ್ಟವು, ಲಾಂಚುಗಳ ಜನ ಕರಗಿತು. ಎಷ್ಟೋ ಲಾಂಚುಗಳು ಈಗ ಸರದಿಯ ಮೇಲೆ ಓಡುತ್ತವೆ. 'ಕೀರ್ತನಖೋಲಾ', 'ಸುಂದರಬನ್' ಎಂಬ ದೀಪಾಲಂಕಾರದ ಹೆಸರುಗಳು ಮಾತ್ರ ಮೊದಲಿನಷ್ಟೇ ಜೋರಾಗಿ ಉರಿಯುತ್ತವೆ. ಪ್ರವಾಸಿ ಹೋಗುವುದಿದ್ದರೆ ಈಗಲೇ ಹೋಗಬೇಕು. ನಷ್ಟದಲ್ಲಿ ಓಡುವ ಸೊಗಸು ಬಹಳ ವರ್ಷ ಓಡುವುದಿಲ್ಲ.

2022ರ ಡಿಸೆಂಬರ್ 28ರಂದು ಢಾಕಾದಲ್ಲೂ ಮೆಟ್ರೊ ಶುರುವಾಯಿತು. ಮರುವರ್ಷ ಅದು ಮೋತಿಜೀಲ್‌ವರೆಗೆ ಬಂತು. ಜಪಾನಿನ ಸಾಲದಲ್ಲಿ ಕಟ್ಟಿದ ಮಾರ್ಗ. ಉತ್ತರಾದಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರ್, ಮುಕ್ಕಾಲು ಗಂಟೆಯೂ ಬೇಡ. ಕೆಳಗೆ ಅದೇ ದಾರಿಯಲ್ಲಿ ಬಸ್ಸು ಹಿಡಿದವನು ಆ ಹೊತ್ತಿಗೆ ಎರಡನೇ ಅಮಟೆಕಾಯಿ ತಿನ್ನುತ್ತಿರುತ್ತಾನೆ. 2024ರ ಜುಲೈ ಗಲಭೆಯಲ್ಲಿ ಎರಡು ನಿಲ್ದಾಣಗಳು ಪುಡಿಯಾಗಿ ಓಡಾಟ ನಿಂತಾಗ ಊರಿನವರಿಗೆ ಹಳೆಯ ಕಷ್ಟ ಇನ್ನಷ್ಟು ಕಷ್ಟವಾಗಿ ಕಂಡಿತು. ಕೋಲ್ಕತ್ತದಿಂದ ಢಾಕಾಕ್ಕೆ 2008ರಿಂದ ಓಡುತ್ತಿದ್ದ ಮೈತ್ರಿ ಎಕ್ಸ್‌ಪ್ರೆಸ್ ರೈಲು ನಿಂತದ್ದೂ ಆ ತಿಂಗಳೇ.

ಖಾಲಿ ರಸ್ತೆಯ ಢಾಕಾ ನೋಡಬೇಕೆಂಬ ಹಟವಿದ್ದರೆ ಈದ್ ಹಬ್ಬಕ್ಕೆ ಹೋಗಬೇಕು. ಹಬ್ಬಕ್ಕೆ ಮೊದಲಿನ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸದರ್‌ಘಾಟ್‌ನಿಂದ, ಗಾಬ್‌ತಲಿ ಬಸ್ ನಿಲ್ದಾಣದಿಂದ, ಕಮಲಾಪುರದ ರೈಲುಗಳ ಒಳಗೂ ಮೇಲೂ ಕೂತು ತಮ್ಮ ತಮ್ಮ ಹಳ್ಳಿಗೆ ಹೊರಡುತ್ತಾರೆ. ಆಮೇಲೆ ಊರಿನಲ್ಲೇ ಉಳಿದವರು ಫಾರ್ಮ್‌ಗೇಟಿನ ನಟ್ಟನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಬಹುದು. ಮುಟ್ಟಿಸುವವರು ಬೇಕಷ್ಟೆ: ರಿಕ್ಷಾ ಮಾಮಂದಿರಲ್ಲಿ ಹಲವರು ಹಬ್ಬಕ್ಕೆ ಊರಿಗೆ ಹೋಗಿರುತ್ತಾರೆ, ಉಳಿದವರು ಕೇಳುವ ಬಾಡಿಗೆ ಕೇಳಿದರೆ ಯಾವ ಅಳಿಯನೂ ನಡೆದೇ ಹೋಗುತ್ತಾನೆ.